ಆಟದ ಪೀರಿಯಡ್ಡಿನ ಮೇಲೆಯೇ ಎಲ್ಲರ ಕಣ್ಣು

ಈಗಷ್ಟೇ ಶಾಲೆಯಿಂದ ಬಂದೆ. ಕೈಗೆ ಮೆತ್ತಿದ ಸುಣ್ಣವನ್ನೂ ತೊಳೆದಿಲ್ಲ. ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ. ಆರಿದ ಮೇಲೆ ‘ಹೋಗಲಿ ಬಿಡು’ ಎನ್ನಿಸುತ್ತದೆ, ಹಾಗೆ ಅನ್ನಿಸಿಯೇ ಮೂರು ವರ್ಷ ಸುಮ್ಮನಿದ್ದೆ.

ಎರಡನೇ ಮತ್ತು ನಾಲ್ಕನೇ ಶನಿವಾರ ನಾನು ಕೆಲಸ ಮಾಡುವ ಬ್ಯಾಂಕಿಗೆ ರಜೆ, ಆ ಎರಡು ಬೆಳಗು ನಾನಿರುವುದು ಒಂದು ಶಾಲೆಯಲ್ಲಿ. ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ, ಒಂದರಿಂದ ಎಂಟನೇ ತರಗತಿಯವರೆಗೆ. ಆರು, ಏಳು, ಎಂಟರ ಮಕ್ಕಳಿಗೆ ಖೋ ಖೋ ಆಡಿಸುತ್ತೇನೆ. ಅಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿಲ್ಲ. ಮಕ್ಕಳ ಸಂಖ್ಯೆ ಸಾಲದ ಕಾರಣ ಹುದ್ದೆಯೇ ಇಲ್ಲ. ಊರಿನವರೊಬ್ಬರು ತೋಟದಿಂದ ಕಡಿದುಕೊಟ್ಟ ಎರಡು ಅಡಿಕೆ ಮರದ ತುಂಡುಗಳೇ ನಮ್ಮ ಕಂಬಗಳು. ತೆಂಗಿನ ನಾರಿನ ಹಗ್ಗ ಹಿಡಿದು ಗೆರೆ ಎಳೆಯುವುದನ್ನು ಈಗ ಮಕ್ಕಳೇ ಕಲಿತಿದ್ದಾರೆ.

ಕ್ಲಸ್ಟರ್ ಮಟ್ಟದ ಕ್ರೀಡಾಕೂಟಕ್ಕೆ ಇನ್ನು ಮೂರು ವಾರ. ರಾತ್ರಿ ಮಳೆ ಬಂದು ಅಂಕಣದ ಗೆರೆಗಳೆಲ್ಲ ಅಳಿಸಿದ್ದವು. ಏಳೂವರೆಗೇ ಹೋಗಿ ಮಕ್ಕಳ ಜೊತೆ ಹೊಸದಾಗಿ ಸುಣ್ಣ ಹಾಕಿದೆ. ಪ್ರಾರ್ಥನೆ ಮುಗಿಯಿತು, ಕವಾಯತು ಮುಗಿಯಿತು, ಎಂಟು ಮಕ್ಕಳು ಸಾಲಾಗಿ ಚೌಕಗಳಲ್ಲಿ ಕುಳಿತರು. ಒಂಬತ್ತನೆಯವಳು ಓಡಲು ಸಿದ್ಧಳಾದಳು. ಆಗ ವರಾಂಡದಿಂದ ಕೂಗು ಬಂತು: “ಗಣಿತದಲ್ಲಿ ಹತ್ತಕ್ಕಿಂತ ಕಡಿಮೆ ಬಂದವರೆಲ್ಲ ಒಳಗೆ ಬನ್ನಿ. ಇವತ್ತು ಆಟ ಇಲ್ಲ.”

ಹನ್ನೊಂದು ಮಕ್ಕಳು ಎದ್ದು ಹೋದರು.

ಅವರಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ. ನಮ್ಮ ತಂಡದಲ್ಲಿ ಅವಳಷ್ಟು ಚುರುಕಾಗಿ ಅಟ್ಟಿಸಿಕೊಂಡು ಹೋಗುವವರು ಬೇರೆ ಯಾರೂ ಇಲ್ಲ. ಆಟಕ್ಕಿಳಿಯುವಾಗ ಚೂಡಿದಾರದ ವೇಲನ್ನು ಒಂದು ಭುಜದಿಂದ ಇಳಿಸಿ, ಸೊಂಟಕ್ಕೆ ಎರಡು ಸುತ್ತು ಬಿಗಿದು ಗಂಟು ಹಾಕುತ್ತಾಳೆ. ಇವತ್ತು ಆ ಗಂಟು ಬಿಚ್ಚಿದಳು. ಮಡಿಕೆಗಳನ್ನು ಕೈಯಿಂದಲೇ ತೀಡಿದಳು. ವೇಲನ್ನು ಎರಡೂ ಭುಜಗಳ ಮೇಲೆ ಸರಿಯಾಗಿ ಹೊದ್ದುಕೊಂಡು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೋತದ್ದಕ್ಕೆ ಅಳುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಆಡುವ ಮೊದಲೇ ಇಷ್ಟು ಅಭ್ಯಾಸವಾದವಳ ಹಾಗೆ ಗಂಟು ಬಿಚ್ಚಿಕೊಳ್ಳುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ನನ್ನ ಪ್ರಶ್ನೆ ಒಂದೇ. ಗಣಿತದ ಪಾಠ ಬಾಕಿಯಾದರೆ ಅದಕ್ಕೆ ಆಟದ ಪೀರಿಯಡ್ಡೇ ಏಕೆ ಬೇಕು? ವಿಜ್ಞಾನದ ಪೋರ್ಷನ್ ಮುಗಿಯದಿದ್ದರೆ ಆಟದ ಪೀರಿಯಡ್. ಯಾರೋ ಅಧಿಕಾರಿ ಬರುತ್ತಾರೆಂದು ಗೋಡೆಗೆ ಚಾರ್ಟ್ ಅಂಟಿಸಬೇಕಾದರೆ ಆಟದ ಪೀರಿಯಡ್. ಪ್ರತಿಭಾ ಕಾರಂಜಿಗೆ ನೃತ್ಯ ಕಲಿಯಬೇಕಾದರೂ ಆಟದ ಪೀರಿಯಡ್. ಬ್ಯಾಂಕಿನವಳ ಮಾತಿನಲ್ಲಿ ಹೇಳುವುದಾದರೆ, ಯಾರು ಬೇಕಾದರೂ ಸಹಿ ಹಾಕಿ ಹಣ ತೆಗೆಯಬಹುದಾದ ಖಾತೆ ಅದು. ತೆಗೆದವರು ಮರಳಿ ಕಟ್ಟಿದ್ದನ್ನು ಮಾತ್ರ ನಾನು ನೋಡಿಲ್ಲ. ಗಣಿತದ ಪೀರಿಯಡ್ಡಿನಲ್ಲಿ ‘ಇವತ್ತು ಬಾಕಿ ಉಳಿದ ಆಟ ಆಡಿ’ ಎಂದು ಮಕ್ಕಳನ್ನು ಹೊರಗೆ ಕಳಿಸಿದ ಶಾಲೆ ನಿಮಗೆ ಗೊತ್ತಿದ್ದರೆ ಹೇಳಿ, ಅಲ್ಲಿಗೆ ಹೋಗಿ ಕೈ ಮುಗಿದು ಬರುತ್ತೇನೆ.

ಮೇಷ್ಟ್ರುಗಳನ್ನು ಬೈಯಲು ಕುಳಿತಿಲ್ಲ. ಒಬ್ಬೊಬ್ಬರು ಎರಡು ಮೂರು ತರಗತಿ ನೋಡಿಕೊಳ್ಳುತ್ತಾರೆ. ಹಾಲು, ಮೊಟ್ಟೆಯ ಲೆಕ್ಕ ಬರೆಯಬೇಕು, ಮೊಬೈಲಿನಲ್ಲಿ ಹಾಜರಾತಿ ಹಾಕಬೇಕು, ಸಮೀಕ್ಷೆ ಬಂದರೆ ಮನೆ ಮನೆ ತಿರುಗಬೇಕು. ಇವತ್ತು ಕೂಗಿದ ಗಣಿತದ ಮೇಡಂ ತಮ್ಮ ಸ್ವಂತ ದುಡ್ಡಿನಲ್ಲಿ ಮಕ್ಕಳಿಗೆ ನೋಟ್‌ಬುಕ್ ತರುವವರು, ಶನಿವಾರ ಎಲ್ಲರೂ ಹೋದ ಮೇಲೂ ಕುಳಿತು ತಿದ್ದುವವರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ದೊಡ್ಡವರ ಸಾಲವನ್ನು ಮಗುವಿನ ಜೇಬಿನಿಂದ ತೀರಿಸುವುದು ಯಾವ ನ್ಯಾಯ?

ಅದೂ ಯಾವ ಆಟವನ್ನು ಕಿತ್ತುಕೊಳ್ಳುತ್ತಿದ್ದೇವೆ ನೋಡಿ. ಖೋ ಖೋ ಎಂದರೆ ಸುಮ್ಮನೆ ಓಡುವುದು ಎಂದುಕೊಂಡವರೇ ಹೆಚ್ಚು. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಎದುರಾಳಿಯನ್ನು ಅಟ್ಟಿಸಿಕೊಂಡು ಓಡುವವಳು ನಡುಗೆರೆ ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ತನಗೆ ಎಟುಕದ ಕಡೆ ಎದುರಾಳಿ ನುಸುಳಿದ ಕೂಡಲೇ ಆ ಕಡೆ ಮುಖ ಮಾಡಿದ ಗೆಳತಿಯ ಬೆನ್ನು ಮುಟ್ಟಿ ‘ಖೋ’ ಎಂದು ತನ್ನ ಓಟವನ್ನು ಅವಳಿಗೆ ಕೊಟ್ಟು, ತಾನು ಅವಳ ಜಾಗದಲ್ಲಿ ಕೂರಬೇಕು. ಖೋ ಸಿಗುವ ಮುನ್ನ ಎದ್ದರೆ ಫೌಲ್. ಕಾಲ್ಬೆರಳ ಮೇಲೆ ಇಡೀ ಮೈಭಾರ ಹಾಕಿ, ಹಿಂದಿನಿಂದ ಬರುವ ಹೆಜ್ಜೆಯ ಸದ್ದನ್ನು ಕಿವಿಯಲ್ಲೇ ಅಳೆಯುತ್ತಾ ಏಳದೆ ಕಾಯಬೇಕು. ತರಗತಿಯಲ್ಲಿ ಹತ್ತು ನಿಮಿಷ ಒಂದು ಕಡೆ ಕೂರುವುದಿಲ್ಲ ಎಂದು ಮೇಷ್ಟ್ರು ದೂರುವ ಆರನೇ ತರಗತಿಯ ಹುಡುಗನೊಬ್ಬ ಇಲ್ಲಿ ಚೌಕದಲ್ಲಿ ಉಸಿರು ಬಿಗಿಹಿಡಿದು ಕುಳಿತಿರುತ್ತಾನೆ. ಅವನಿಗೆ ಗಮನ ಕೊಡಲು ಬರುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಲಿ.

ಕಾನೂನು ಏನು ಹೇಳುತ್ತದೆ ಎಂದು ನೋಡಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು, ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಗ್ರಿ ಕೊಡಬೇಕು ಎಂದಿದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದೂ ಇದೆ. ನೂರಕ್ಕಿಂತ ಹೆಚ್ಚು! ನಮ್ಮ ಹಳ್ಳಿಯಲ್ಲಿ ಆ ಮೂರು ತರಗತಿ ಸೇರಿಸಿದರೂ ಅರವತ್ತು ಮಕ್ಕಳಿಲ್ಲ. ಅರವತ್ತು ಮಕ್ಕಳಿಗೆ ಅರವತ್ತು ಮೈಗಳಿಲ್ಲವೇ? ಮೈದಾನಕ್ಕೆ ಮಾತ್ರ ಕಾಯ್ದೆ ಇಂಥ ಲೆಕ್ಕ ಹಾಕಿಲ್ಲ, ಅದೊಂದು ಪುಣ್ಯ. ನಮ್ಮ ಮೈದಾನದ ಕಾಲು ಭಾಗವನ್ನು ಅಂಗನವಾಡಿ ಕಟ್ಟಡ ತೆಗೆದುಕೊಂಡಿದೆ, ಇನ್ನೊಂದು ಮೂಲೆಯಲ್ಲಿ ಹೊಸ ಕೊಠಡಿಗೆ ತಂದ ಜಲ್ಲಿ ಎರಡು ವರ್ಷದಿಂದ ಬಿದ್ದಿದೆ. ಉಳಿದದ್ದರಲ್ಲಿ ಅಂಕಣ ಹೇಗೋ ಹಿಡಿಸಿದ್ದೇವೆ.

ಶಾಲೆಗೆ ಬರುವ ಮಗುವಿಗೆ ಮೈ ಎಂಬುದೊಂದು ಇದೆ ಎಂದು ಸರ್ಕಾರಕ್ಕೆ ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು. ಬಿಸಿಯೂಟ ಅದಕ್ಕೂ ಮೊದಲಿನದು. ಆಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ, ರಾಗಿ ಮಾಲ್ಟ್. ಬಹಳ ಒಳ್ಳೆಯದು, ಮನಸಾರೆ ಹೇಳುತ್ತೇನೆ. ಆದರೆ ಹಾಲು ಕುಡಿದ ಮಾತ್ರಕ್ಕೆ ಮೂಳೆ ಗಟ್ಟಿಯಾಗುವುದಿಲ್ಲ, ಆ ಮೂಳೆಯ ಮೇಲೆ ಭಾರ ಬೀಳಬೇಕು. ಮಗು ಓಡಬೇಕು, ಜಿಗಿಯಬೇಕು. ಮೂಳೆ ತುಂಬಿಕೊಳ್ಳುವ ವಯಸ್ಸೇ ಇದು, ಅದರಲ್ಲೂ ಹೆಣ್ಣುಮಕ್ಕಳಿಗೆ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆಯಿಂದ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ! ನಮ್ಮ ಎಂಟನೇ ತರಗತಿಯ ಹುಡುಗಿಗೆ ವಾರಕ್ಕೆ ಎರಡು ಪೀರಿಯಡ್ ಸಿಕ್ಕರೆ ದೊಡ್ಡದು, ಅದರಲ್ಲೊಂದನ್ನು ಗಣಿತ ತಿನ್ನುತ್ತದೆ.

‘ಆಟ ಅನ್ನ ಹಾಕುತ್ತದೆಯೇ ಮೇಡಂ?’ ಇದು ನಾನು ಅತಿ ಹೆಚ್ಚು ಸಲ ಕೇಳಿದ ಮಾತು. ಮೊನ್ನೆ ಒಬ್ಬ ತಂದೆ ಕೇಳಿದರು. ಹಗಲೆಲ್ಲ ಕಾಯಿ ಸುಲಿದು ಬಂದ ಮನುಷ್ಯ, ಮಗಳು ತನ್ನ ಹಾಗಾಗಬಾರದು ಎಂಬ ಆಸೆ. ಆ ಆಸೆಯ ಎದುರು ನಾನು ತಲೆ ಬಾಗುತ್ತೇನೆ, ಆ ಮಾತಿಗಲ್ಲ. ನಾನು ಯಾರನ್ನೂ ಕ್ರೀಡಾಪಟು ಮಾಡಲು ಹೊರಟಿಲ್ಲ. ಕನ್ನಡ ಪಾಠ ಮಾಡುವವರನ್ನು ‘ಎಲ್ಲರೂ ಕವಿಗಳಾಗುತ್ತಾರೆಯೇ’ ಎಂದು ಯಾರೂ ಕೇಳುವುದಿಲ್ಲವಲ್ಲ! ಇನ್ನು ಅನ್ನದ ಮಾತೇ ಬೇಕೆಂದರೆ, ಬೆಳಗಿನ ಜಾವ ನಮ್ಮ ಹೆದ್ದಾರಿಯ ಅಂಚಿನಲ್ಲಿ ಓಡುವ ಹುಡುಗ ಹುಡುಗಿಯರನ್ನು ನೋಡಿ. ಪೊಲೀಸ್ ಕಾನ್‌ಸ್ಟೆಬಲ್ ಕೆಲಸದ ದೈಹಿಕ ಪರೀಕ್ಷೆಗೆ ತಯಾರಿ. ಓಟ, ಜಿಗಿತ, ಗುಂಡು ಎಸೆತ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಲಾರಿಗಳ ಪಕ್ಕದಲ್ಲಿ, ಹೇಳಿಕೊಡುವವರಿಲ್ಲದೆ ಕಲಿಯುತ್ತಿದ್ದಾರೆ. ಶಾಲೆಯಲ್ಲಿ ಅವರ ಪೀರಿಯಡ್ಡುಗಳು ಎಲ್ಲಿಗೆ ಹೋಗಿದ್ದವು?

‘ಹಳ್ಳಿ ಮಕ್ಕಳು ಮನೆಯಲ್ಲಿ ಆಡುವುದಿಲ್ಲವೇ?’ ಎನ್ನುವವರೂ ಇದ್ದಾರೆ. ಗಂಡುಮಕ್ಕಳು ಆಡುತ್ತಾರೆ. ಎಂಟನೇ ತರಗತಿಯ ಹುಡುಗಿ ಸಂಜೆ ಊರ ಬಯಲಿನಲ್ಲಿ ಓಡಾಡಿದ್ದನ್ನು ಯಾವಾಗ ನೋಡಿದ್ದೀರಿ? ಮನೆಗೆ ಹೋದರೆ ಪಾತ್ರೆ, ತಮ್ಮನನ್ನು ಎತ್ತಿಕೊಳ್ಳುವುದು, ಹಸುವಿಗೆ ಹುಲ್ಲು. ಮೈನೆರೆದ ಮೇಲಂತೂ ‘ಓಡಬೇಡ, ಕೂಗಬೇಡ’. ಅವಳು ಯಾರ ಅಪ್ಪಣೆಯೂ ಇಲ್ಲದೆ ಓಡಬಹುದಾದ, ಗಂಟಲು ಬಿಚ್ಚಿ ‘ಖೋ’ ಎನ್ನಬಹುದಾದ ಜಾಗ ಈ ಭೂಮಿಯ ಮೇಲೆ ಶಾಲೆಯ ಮೈದಾನ ಒಂದೇ. ಒಮ್ಮೆ ಮಕ್ಕಳಿಗೆ ಮೊಬೈಲಿನಲ್ಲಿ 2025ರ ಮೊದಲ ಖೋ ಖೋ ವಿಶ್ವಕಪ್ ಫೈನಲ್ ತೋರಿಸಿದ್ದೆ. ದೆಹಲಿಯಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದ ಪಂದ್ಯ. ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಾರೆ ಎಂದೆ. ಇವತ್ತು ಗಂಟು ಬಿಚ್ಚಿಕೊಂಡು ಹೋದವಳೇ ಆವತ್ತು ಕೇಳಿದ್ದು: “ಮಿಸ್, ಕುರುಬೂರು ನಮ್ಮೂರಷ್ಟೇ ಇದೆಯಾ?”

ಒಂದು ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಮೊದಲ ವರ್ಷ, ಏಳನೇ ತರಗತಿಯ ಒಬ್ಬ ಹುಡುಗ ಜಗಳ ತೆಗೆಯುತ್ತಿದ್ದ. ನನಗೂ ತಾಳ್ಮೆ ತಪ್ಪಿತು. “ಹೋಗಿ ನೀರಿನ ಟ್ಯಾಂಕಿನ ಹತ್ತಿರ ಕೂತುಕೋ, ಇವತ್ತು ನಿನಗೆ ಆಟ ಇಲ್ಲ” ಎಂದೆ. ಒಂದೂವರೆ ಗಂಟೆ ಅಲ್ಲೇ ಕುಳಿತಿದ್ದ, ನಾನು ಆಟದ ಗದ್ದಲದಲ್ಲಿ ಅವನನ್ನು ಮರೆತೇಬಿಟ್ಟೆ. ಮುಂದಿನ ಸಲ ಅವನು ಬರಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ವಿಚಾರಿಸಿದರೆ, ವಾರದ ಉಳಿದ ದಿನಗಳಲ್ಲೂ ಬಿಟ್ಟು ಬಿಟ್ಟು ಬರುತ್ತಿದ್ದ ಹುಡುಗ ನನ್ನ ಶನಿವಾರಗಳನ್ನು ಮಾತ್ರ ತಪ್ಪಿಸುತ್ತಿರಲಿಲ್ಲವಂತೆ. ಅವನ ಮನೆಗೆ ಹೋಗಿ ಕರೆದುಕೊಂಡು ಬಂದೆ. ‘ತಪ್ಪಾಯಿತು ಕಣಪ್ಪಾ’ ಎಂದು ಅವನ ಅಜ್ಜಿಯ ಎದುರಿನಲ್ಲೇ ಹೇಳಿದೆ. ಅವನು ನಕ್ಕ. ನನಗೆ ಇವತ್ತಿಗೂ ಆ ಟ್ಯಾಂಕಿನ ಕಡೆ ನೋಡಲು ಆಗುವುದಿಲ್ಲ. ಓದಲು ಬಾರದ ಮಗುವಿಗೆ ಊಟ ಕೊಡಬೇಡಿ ಎಂದು ಯಾವ ಶಾಲೆಯೂ ಹೇಳುವುದಿಲ್ಲ. ಆಟ ಕೊಡಬೇಡಿ ಎಂದು ಎಲ್ಲರೂ ಹೇಳುತ್ತೇವೆ, ನಾನೂ ಹೇಳಿದೆ.

ಸೇವೆ ಮಾಡಲು ಬರುವವರಿಗೂ ಒಂದು ಮಾತಿದೆ. ಹೋದ ಆಗಸ್ಟ್ 15ಕ್ಕೆ ಪಟ್ಟಣದಿಂದ ಒಂದು ತಂಡ ಬಂದು ಆರು ಚೆಂಡು ಕೊಟ್ಟು, ಫೋಟೊ ತೆಗೆಸಿಕೊಂಡು ಹೋಯಿತು. ದಸರೆಯ ಹೊತ್ತಿಗೆ ಆರೂ ಚೆಂಡುಗಳ ಗಾಳಿ ಇಳಿದು ಸ್ಟಾಫ್ ರೂಮಿನ ಬೀರುವಿನ ಮೇಲೆ ಸೇರಿದ್ದವು. ಶಾಲೆಯಲ್ಲಿ ಗಾಳಿ ಹೊಡೆಯುವ ಪಂಪಿರಲಿಲ್ಲ, ಪಂಪು ತಂದರೆ ಸೂಜಿ ಇರಲಿಲ್ಲ. ಆ ಸೂಜಿ ತರಬೇಕೆಂದು ಹೊಳೆಯಬೇಕಾದರೆ ಇನ್ನೊಂದು ಸಲ ಬರಬೇಕಿತ್ತು. ದಯವಿಟ್ಟು ಇನ್ನೊಂದು ಸಲ ಬನ್ನಿ. ಬರಿಗೈಯಲ್ಲಿ ಬಂದರೂ ಪರವಾಗಿಲ್ಲ. ಮಕ್ಕಳು ನಿಮ್ಮ ಮುಖ ಗುರುತಿಟ್ಟುಕೊಳ್ಳುವಷ್ಟು ಸಲ ಬನ್ನಿ. ಆಗಸ್ಟ್ 29, ಧ್ಯಾನ್‌ಚಂದ್ ಅವರ ಹುಟ್ಟುಹಬ್ಬ, ರಾಷ್ಟ್ರೀಯ ಕ್ರೀಡಾ ದಿನ. ಅವತ್ತು ‘ಕ್ರೀಡೆಯ ಮಹತ್ವ’ ಎಂದು ಮಕ್ಕಳನ್ನು ಬಿಸಿಲಿನಲ್ಲಿ ಕೂರಿಸಿ ಭಾಷಣ ಮಾಡಬೇಡಿ. ಆ ಹೊತ್ತಿನಲ್ಲಿ ಅವರನ್ನು ಆಡಲು ಬಿಡಿ.

ಹಾಗೆಂದು ನನ್ನಂಥವರಿಂದ ಇದೆಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ತಿಂಗಳಿಗೆ ಎರಡು ಬೆಳಗು ಎಂದರೆ ಎಷ್ಟು? ಬೇಕಿರುವುದು ತರಬೇತಿ ಪಡೆದ, ಪ್ರತಿದಿನ ಶಾಲೆಯಲ್ಲೇ ಇರುವ ಶಿಕ್ಷಕರು. ಇರುವವರ ಸ್ಥಿತಿಯಾದರೂ ಏನು? ‘ನಮ್ಮನ್ನು ಸಹಶಿಕ್ಷಕರೆಂದು ಪರಿಗಣಿಸಿ, ದೈಹಿಕ ಶಿಕ್ಷಣದ ಬಗೆಗಿನ ವೈದ್ಯನಾಥನ್ ವರದಿ ಜಾರಿ ಮಾಡಿ’ ಎಂದು ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರು ಎಷ್ಟು ವರ್ಷಗಳಿಂದ ಕೇಳುತ್ತಿದ್ದಾರೆ! ಆ ಶಿಕ್ಷಕರನ್ನೇ ‘ಪಿ.ಟಿ. ಮೇಷ್ಟ್ರು ತಾನೇ’ ಎಂದು ಬದಿಗೆ ಕೂರಿಸಿದ ಮೇಲೆ ಅವರ ಪೀರಿಯಡ್ಡಿಗೆ ಎಲ್ಲಿಯ ಮರ್ಯಾದೆ?

ಇವತ್ತು ಹೊರಡುವ ಮುನ್ನ ಮುಖ್ಯ ಶಿಕ್ಷಕರ ಹತ್ತಿರ ಹೋದೆ. ಜಗಳ ಮಾಡಲಿಲ್ಲ. “ಸರ್, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆ ಹನ್ನೊಂದು ಮಕ್ಕಳನ್ನು ನನಗೆ ಕೊಡಿ. ಭಿನ್ನರಾಶಿ, ಶೇಕಡಾ, ಬಡ್ಡಿ ಲೆಕ್ಕ ನಾನು ಹೇಳಿಕೊಡುತ್ತೇನೆ, ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೇನೆ. ಆಟದ ಪೀರಿಯಡ್ ಮಾತ್ರ ಮುಟ್ಟಬೇಡಿ” ಎಂದೆ. ಗಣಿತದ ಮೇಡಂ ಅಲ್ಲೇ ಇದ್ದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವರೇ, “ಒಂದು ಗಂಟೆ ನಾನೂ ಇರುತ್ತೇನೆ ಬಿಡಿ” ಎಂದರು. ಸರ್ ‘ನೋಡೋಣ ಮೇಡಂ’ ಎಂದಿದ್ದಾರೆ.

ನಾಲ್ಕನೇ ಶನಿವಾರ ಏಳೂವರೆಗೆ ಅಲ್ಲಿರುತ್ತೇನೆ. ಸುಣ್ಣ ಮುಗಿದಿದೆ, ಸೋಮವಾರ ಸಂಜೆ ಬ್ಯಾಂಕಿನಿಂದ ಬರುವಾಗ ಒಂದು ಚೀಲ ತರಬೇಕು.