ದುಡ್ಡು ಕೊಟ್ಟಿದ್ದು ದೋಣಿಗೆ, ಹಕ್ಕಿ ಎಬ್ಬಿಸೋಕಲ್ಲ

ರಂಗನತಿಟ್ಟು ಪಕ್ಷಿಧಾಮಕ್ಕೆ ಬರುವ ಅರ್ಧ ಜನಕ್ಕೆ ಹಕ್ಕಿ ಬೇಕಾಗಿಲ್ಲ. ಹಕ್ಕಿ ಹಾರುವ ವಿಡಿಯೋ ಬೇಕು, ಅಷ್ಟೇ.

ಕಳೆದ ಭಾನುವಾರ ನಮ್ಮ ದೋಣಿಯ ಹಿಂದಿನ ಸಾಲಲ್ಲಿ ಅಂಥದ್ದೇ ಒಂದು ಗುಂಪು. "ಗಲಾಟೆ ಮಾಡ್ಬೇಡಿ ಸಾರ್, ಗೂಡಲ್ಲಿ ಮರಿ ಅವೆ" ಅಂತ ದೋಣಿಯವರು ಹತ್ತುವಾಗಲೇ ಕೈ ಮುಗಿದು ಹೇಳಿದರು. ದಡ ಬಿಡುವುದೇ ತಡ, ಮೊಬೈಲಲ್ಲಿ ಹಾಡು ಶುರು. ಬಂಡೆ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಮಲಗಿತ್ತು. "ಏಯ್ ಗೊಂಬೆ ಕಣೋ ಇದು" ಅಂತ ಒಬ್ಬ. ಗೊಂಬೆಯೋ ಅಲ್ಲವೋ ನೋಡೋಕೆ ಇನ್ನೊಬ್ಬ ಕಿತ್ತಳೆ ಸಿಪ್ಪೆ ಎಸೆದ. ಮೈಯ ಕಾವು ಇಳಿಸಿಕೊಳ್ಳೋಕೆ ಅದು ಹಾಗೆ ಬಾಯಿ ತೆರೆಯುತ್ತೆ ಅಂತ ದೋಣಿಯವರು ಹೇಳುತ್ತಲೇ ಇದ್ದರು. ಕೇಳೋರು ಯಾರು?

ಮೊಸಳೆ ಹೋಗಲಿ, ಅದಕ್ಕೆ ಹಲ್ಲಿದೆ. ಬಣ್ಣದ ಕೊಕ್ಕರೆ ಏನು ಮಾಡಬೇಕು? ಬೆಳೆದ ಕೊಕ್ಕರೆಗೆ ಜೋರಾಗಿ ಕೂಗೋಕೂ ಬರೋದಿಲ್ಲ. ಕೊಕ್ಕು ಕಟಕಟ ಬಡಿಯುತ್ತೆ, ಅಷ್ಟೇ. ಮರದ ತುಂಬಾ ಗೂಡು, ಗೂಡಲ್ಲಿ ಮರಿ. ಈ ಪುಣ್ಯಾತ್ಮರು ಎಲ್ಲರೂ ಸೇರಿ ಚಪ್ಪಾಳೆ ತಟ್ಟಿ ಹೋ ಅಂತ ಕಿರುಚಿದರು. ಒಂದಷ್ಟು ಹಕ್ಕಿ ಎದ್ದು ಹಾರಿದವು. ರೀಲ್ಸ್ ಚೆನ್ನಾಗಿ ಬಂತಂತೆ!

ತಾಯಿ ಎದ್ದರೆ ಮೊಟ್ಟೆಗೆ, ರೆಕ್ಕೆ ಬಲಿಯದ ಮರಿಗೆ ನೇರ ಬಿಸಿಲು. ಕಾಗೆ, ಹದ್ದು ಅದಕ್ಕೇ ಕಾಯ್ತಾ ಇರುತ್ತವೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ಹೊಳೆ ನಡುವಿನ ತಿಟ್ಟುಗಳೇ ಮುಳುಗುತ್ತವೆ, ದೋಣಿಯೂ ನಿಲ್ಲುತ್ತೆ. ಅಷ್ಟರೊಳಗೆ ಮರಿಗಳು ಹಾರೋದು ಕಲಿಯಬೇಕು. ಅವಕ್ಕಿರೋದು ಅಷ್ಟೇ ಟೈಮು. ಅದರಲ್ಲೂ ಇವರ ಕಾಟ.

ಮೈಸೂರು ಅರಸರ ಕಾಲದಲ್ಲಿ ಕಾವೇರಿಗೆ ಅಡ್ಡಗಟ್ಟೆ ಕಟ್ಟಿದ್ದರಿಂದ ಆದ ತಿಟ್ಟುಗಳಿವು. ಇಲ್ಲಿ ಹಕ್ಕಿಗಳು ಗೂಡು ಕಟ್ಟೋದನ್ನು ನೋಡಿ, ಈ ಜಾಗ ಕಾಪಾಡಿ ಅಂತ ಪಕ್ಷಿತಜ್ಞ ಸಲೀಂ ಅಲಿ ಮಹಾರಾಜರನ್ನು ಕೇಳಿಕೊಂಡರು. 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು, ಕರ್ನಾಟಕದಿಂದ ಮೊದಲನೆಯದು. ಆಗ ಇದೇ ಜನ ಸ್ಟೇಟಸ್ ಹಾಕಿ "ನಮ್ಮ ಹೆಮ್ಮೆ" ಅಂದಿರುತ್ತಾರೆ, ಬೇಕಾದರೆ ನೋಡಿ.

ಸುಮ್ಮನಿರೋಕಾಗದೆ "ಸ್ವಲ್ಪ ಮೆಲ್ಲಗೆ" ಅಂದೆ. "ನಾವೂ ದುಡ್ಡು ಕೊಟ್ಟೇ ಬಂದಿರೋದು ಆಂಟಿ" ಅಂದ ಒಬ್ಬ. ಯಪ್ಪಾ, ಇದೊಂದು ಮಾತು ಕೇಳಿದರೆ ಮೈ ಉರಿಯುತ್ತೆ. ದುಡ್ಡು ಕೊಟ್ಟು ಆಸ್ಪತ್ರೆಗೂ ಹೋಗ್ತೀರಿ. ಬಾಣಂತಿ ವಾರ್ಡಲ್ಲಿ ನಿಂತು ಹೀಗೇ ಕಿರುಚ್ತೀರಾ? ಹಾಡು, ಕುಣಿತ ಬೇಕಂದ್ರೆ ಹತ್ತಿರದಲ್ಲೇ ಬೃಂದಾವನ ಗಾರ್ಡನ್ ಇದೆ. ಅಲ್ಲಿ ಕಾರಂಜಿಯೇ ಹಾಡಿಗೆ ಕುಣಿಯುತ್ತೆ. ಹೋಗಿ ಜೊತೆಗೆ ನೀವೂ ಕುಣೀರಿ, ಯಾರು ಬೇಡ ಅಂದ್ರು?

ಬೋರ್ಡು ಹಾಕಿದ್ದು ಸಾಕು. ಅದನ್ನು ಓದೋರು ಹೇಗೂ ಗಲಾಟೆ ಮಾಡೋದಿಲ್ಲ. ದೋಣಿಯವರ ಕೈಗೆ ಅಧಿಕಾರ ಕೊಡಿ. ಒಂದು ಸಲ ಹೇಳಲಿ. ಎರಡನೇ ಸಲ ದೋಣಿ ತಿರುಗಿಸಿ ಎಲ್ಲರನ್ನೂ ದಡಕ್ಕೆ ಬಿಡಲಿ, ದುಡ್ಡು ವಾಪಸ್ ಇಲ್ಲ. ಅದೇ ದೋಣಿಯಲ್ಲಿ ನಾನಿದ್ದರೆ ನನ್ನ ಟಿಕೆಟ್ಟೂ ಹೋಗಲಿ, ಪರವಾಗಿಲ್ಲ.