ಆ ಎರಡು ಹಾಡು ರಘು ದೀಕ್ಷಿತ್ ಬರೆದದ್ದಲ್ಲ

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಅಂತರಾಗ್ನಿ ಪೂರ್ತಿ ಕನ್ನಡ ಆಲ್ಬಮ್, ಅದರ ಹಾಡೆಲ್ಲ ರಘು ದೀಕ್ಷಿತ್ ಬರೆದದ್ದು' ಅಂತ. ಎರಡೂ ಮಾತು ಸರಿಯಲ್ಲ.

2008ರಲ್ಲಿ ಬಂದ ಈ ಆಲ್ಬಮ್‌ನಲ್ಲಿ ಹಿಂದಿ ಹಾಡುಗಳಿವೆ, ಇಂಗ್ಲಿಷ್ ಹಾಡೂ ಇದೆ. 'ಮೈಸೂರ್ ಸೇ ಆಯಿ' ಅಂತ ಹೆಸರು ಕೇಳಿದರೇ ಗೊತ್ತಾಗುತ್ತದೆ, ಅಲ್ವಾ? ಹೊರತಂದದ್ದು ಬಾಲಿವುಡ್ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಕಂಪನಿ.

ಇನ್ನು ಇದೇ ಆಲ್ಬಮ್‌ನ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. ಇವೆರಡೂ ಶಿಶುನಾಳ ಶರೀಫರ ತತ್ವಪದಗಳು. ಶರೀಫರು ಬದುಕಿದ್ದು 1819ರಿಂದ 1889ರವರೆಗೆ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ರಘು ದೀಕ್ಷಿತ್‌ಗಿಂತ ಎಷ್ಟೋ ಮೊದಲೇ ಸಿ. ಅಶ್ವತ್ಥ್ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದರು. ಕ್ಯಾಸೆಟ್ ಕಾಲದವರಿಗೆ ಇದನ್ನು ಹೇಳಬೇಕಾಗಿಲ್ಲ. ಗೊಂದಲ ಇರೋದು ಗಿಟಾರ್ ಜೊತೆಗೇ ಇವನ್ನು ಮೊದಲು ಕೇಳಿದವರಿಗೆ.

ಹಾಗಂತ ರಘು ದೀಕ್ಷಿತ್ ಕೆಲಸ ಸಣ್ಣದು ಅಂತಲ್ಲ. 'ಸೋರುತಿಹುದು' ಅಜ್ಞಾನದಿಂದ ಮಾಳಿಗೆ ಸೋರುತ್ತಿದೆ ಎನ್ನುವ ಪದ. ಮನೆ ಅಂದರೆ ಈ ದೇಹ. ಅಷ್ಟು ಭಾರದ ಮಾತಿಗೆ ಡ್ರಮ್ಸ್, ಬೇಸ್ ಸೇರಿಸಿಯೂ ಪದ ಒಂದೊಂದೂ ಬಿಡಿಸಿ ಕೇಳುವ ಹಾಗೆ ಹಾಡಿದ್ದಾರೆ. ಇಷ್ಟು ವರ್ಷವಾದರೂ ಜನ ಕೇಳುತ್ತಿರುವುದು ಅದಕ್ಕೇ ಅಂತ ನನಗನಿಸುತ್ತದೆ. ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ತುಳು ಮಾತಾಡುವ ನಮ್ಮ ಹುಡುಗರಿಗೂ ಉತ್ತರ ಕರ್ನಾಟಕದ ಆ ಕನ್ನಡ ಬಾಯಿಗೆ ಬಂದುಬಿಟ್ಟಿದೆ.

ಸಂದೇಶ ಮುಂದೆ ಕಳಿಸುವವರು ಶರೀಫರ ಹೆಸರು ಸೇರಿಸಿ ಕಳಿಸಿ. ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿಯುವವರಿಗೂ ಇದೇ ವಿನಂತಿ.