ಮಾದರಿ ದೊಡ್ಡದಾದರೆ ಸಾಕೇ?

ಮಾದರಿ, ಅಂದರೆ ಪ್ರಶ್ನೆ ಕೇಳಲು ಆರಿಸಿಕೊಂಡವರ ಗುಂಪು, ದೊಡ್ಡದಿದ್ದಷ್ಟೂ ಸಮೀಕ್ಷೆ ನಂಬಲರ್ಹ ಎಂದು ಸಮೀಕ್ಷೆಗಳ ಕುರಿತ ಪತ್ರಿಕಾ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅದು ಅರ್ಧ ಸತ್ಯ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯನ್ನೇ ನೋಡಿ; 42,000ಕ್ಕೂ ಹೆಚ್ಚು ಮನೆಗಳನ್ನು ತಲುಪಿದ ಸಮೀಕ್ಷೆ ಅದು. ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು ಮೊದಲು ನೇರವಾಗಿ ಕೇಳಿದರು. ಇಲ್ಲ ಎಂದವರಿಗೆ ಇನ್ನೊಂದು ಪ್ರಶ್ನೆ: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಯೊಳಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಅಭ್ಯಂತರವೇ? ಎರಡೂ ಸೇರಿ ಸುಮಾರು ಶೇ. 27ರಷ್ಟು ಮನೆಗಳು ಒಪ್ಪಿಕೊಂಡವು. ಆ ಎರಡನೆಯ ಪ್ರಶ್ನೆ ಇಲ್ಲದಿದ್ದರೆ ಎಷ್ಟೋ ಮನೆಗಳು ಸಂಭಾವಿತರ ಪಟ್ಟಿಗೆ ಸೇರಿಬಿಡುತ್ತಿದ್ದವು. ಇದೂ ಬಾಯಿಬಿಟ್ಟವರ ಲೆಕ್ಕ ಮಾತ್ರ. ಕಾನೂನು ಅಪರಾಧವೆನ್ನುವುದನ್ನು ಅಪರಿಚಿತರ ಮುಂದೆ ಎಷ್ಟು ಜನ ಒಪ್ಪಿಕೊಂಡಾರು?

ಹಾಗೆಂದು ಜನ ಯಾವಾಗಲೂ ಒಳ್ಳೆಯವರಂತೆಯೇ ತೋರಿಸಿಕೊಳ್ಳುತ್ತಾರೆ ಎಂದೂ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಲಾಪಿಯರ್ ಚೀನೀ ದಂಪತಿಯೊಂದಿಗೆ ದೇಶ ಸುತ್ತಿದಾಗ ಇನ್ನೂರಕ್ಕೂ ಹೆಚ್ಚು ಹೋಟೆಲುಗಳಲ್ಲಿ, ವಸತಿಗೃಹಗಳಲ್ಲಿ ಜಾಗವಿಲ್ಲ ಎಂದದ್ದು ಒಂದೇ ಕಡೆ. ಆಮೇಲೆ ಪತ್ರ ಬರೆದು ಕೇಳಿದರೆ, ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಚೀನೀಯರನ್ನು ಸೇರಿಸುವುದಿಲ್ಲ ಎಂದರು! 1934ರಲ್ಲಿ ಪ್ರಕಟವಾದ ಅಧ್ಯಯನ ಇದು. ಆಮೇಲೆ ಅದರ ವಿಧಾನದ ಬಗ್ಗೆಯೂ ತಕರಾರುಗಳೆದ್ದವು, ಅದು ಬೇರೆ ಮಾತು.

ಪತ್ರಿಕೆಗಳು ಶೇಕಡಾವಾರು ಅಂಕಿಯ ಜೊತೆಗೆ ಕೇಳಿದ ಪ್ರಶ್ನೆಯನ್ನೂ ಯಥಾವತ್ತಾಗಿ ಅಚ್ಚು ಹಾಕಬೇಕು. ಮೇಲೆ ಹೇಳಿದ ಆ ಲೇಖನದಲ್ಲೂ ಅದಿಲ್ಲ.